ಹಿಂದಕ್ಕೆ ಹೋಗದ ಜರ್ಮನ್

ದಿಬ್ರಾ ಸೀಮೆಯ ಚರಿತ್ರೆಯನ್ನು ಮುಂದೊಂದು ದಿನ ಯಾರಾದರೂ ಕೂತು ಬರೆಯುವುದಾದರೆ, ಪೆಶ್ಕೋಪಿ ಪೇಟೆಯಲ್ಲಿ ಪರದೆ ಅಂಗಡಿ ಇಟ್ಟಿದ್ದ ನೆಜೀರನ ಕಾರು ಜೂನ್ ತಿಂಗಳ ಒಂದು ಬೆಳಿಗ್ಗೆ ಹಿಂದಕ್ಕೆ ಚಲಿಸುವುದನ್ನು ಶಾಶ್ವತವಾಗಿ ತ್ಯಜಿಸಿತು ಎಂಬ ಸಂಗತಿಗೆ ಒಂದು ಅಧ್ಯಾಯವನ್ನು ಮೀಸಲಿಡಲೇಬೇಕಾಗುತ್ತದೆ. ಯುದ್ಧಗಳು ಬಂದು ಹೋಗಿವೆ, ಸರ್ಕಾರಗಳು ಬಿದ್ದು ಎದ್ದಿವೆ. ಅವು ಯಾವುವೂ ನಮ್ಮ ಕಣಿವೆಯಲ್ಲಿ ಒಬ್ಬ ಪರದೆ ವ್ಯಾಪಾರಿಯನ್ನು ವೀರನನ್ನಾಗಿ ಮಾಡಿರಲಿಲ್ಲ.

ಇಸ್ತ್ರಿಯ ಅಂಗಿ ತೊಟ್ಟು, ಮೀಸೆಗೆ ನೀರು ಹಚ್ಚಿ, ನೆಜೀರ್ ಅಂಗಳದಲ್ಲಿ ಕಾರಿನೊಳಗೆ ಕೂತಿದ್ದ. ಗೇರಿನ ಕಡ್ಡಿಯನ್ನು ರಿವರ್ಸಿಗೆ ಎಳೆದ. ಎಂಜಿನ್ ಗುರುಗುಟ್ಟಿತು. ಕಾರು ಕದಲಲಿಲ್ಲ. ಇನ್ನಷ್ಟು ಒತ್ತಿದ. ಎಂಜಿನ್ ಇನ್ನಷ್ಟು ಗುರುಗುಟ್ಟಿತು, ಅಷ್ಟೆ. ಮುಂದಿನ ಗೋಡೆಗೂ ಕಾರಿನ ಮೂತಿಗೂ ನಡುವೆ ಒಂದು ಬೆಕ್ಕು ಮಲಗುವಷ್ಟು ಜಾಗವಿತ್ತು. ಅಲ್ಲಿ ನಿಜಕ್ಕೂ ಒಂದು ಬೆಕ್ಕು ಮಲಗಿತ್ತು, ಮತ್ತು ಏಳುವ ಅಗತ್ಯ ಅದಕ್ಕೆ ಕಂಡುಬರಲಿಲ್ಲ.

ಮೇಲಿನ ಮೊಗಸಾಲೆಯಲ್ಲಿ ಜಮಖಾನ ಕೊಡವುತ್ತಿದ್ದ ಹೆಂಡತಿ ಮಿನೀರೆ ಬಗ್ಗಿ ನೋಡಿದಳು. "ಏನ್ರೀ, ಗೋಡೆ ಜೊತೆ ಜಗಳಾನಾ?"

"ಎಂಜಿನ್ ಬಿಸಿ ಆಗ್ಬೇಕು ಕಣೇ."

"ಜೂನ್ ತಿಂಗಳಲ್ಲಾ?"

ಅಂಗಳ ಬೀದಿಯ ಕಡೆಗೆ ಇಳಿಜಾರಾಗಿತ್ತು. ನೆಜೀರ್ ಕಡ್ಡಿಯನ್ನು ನ್ಯೂಟ್ರಲ್ಲಿಗೆ ತಂದು ಬ್ರೇಕು ಬಿಟ್ಟ. ಕಾರು ತನ್ನ ಭಾರಕ್ಕೆ ತಾನೇ ಹಿಂದಕ್ಕೆ ಜಾರಿ, ಗಂಭೀರವಾಗಿ, ಏನೂ ಆಗಿಲ್ಲವೆಂಬಂತೆ ಬೀದಿಗೆ ಬಂದು ನಿಂತಿತು. ಆ ಗಾಂಭೀರ್ಯವೇ ಮುಂದಿನ ಎಲ್ಲ ಅನರ್ಥಗಳಿಗೆ ಮೂಲವಾಯಿತು.

ನಮ್ಮ ಕಡೆ ಕಾರಿಗೆ ಕಂಪನಿಯ ಹೆಸರು ಹೇಳುವ ಪದ್ಧತಿಯಿಲ್ಲ. 'ಜರ್ಮನ್' ಎಂದರೆ ಮುಗಿಯಿತು. ಉಳಿದವು ಸುಮ್ಮನೆ ಕಾರುಗಳು. ನೆಜೀರನ ಜರ್ಮನ್ ಕಪ್ಪು ಬಣ್ಣದ್ದು, ಉದ್ದನೆಯದು, ಮಂತ್ರಿಗಳೂ ಶವಸಂಸ್ಕಾರದವರೂ ಇಷ್ಟಪಡುವಂಥದ್ದು. ಹದಿನೇಳು ವರ್ಷ ಹಳೆಯದಾದರೂ ಒಳಗಿನ ಚರ್ಮದ ಸೀಟುಗಳಲ್ಲಿ ಬಿರುಕಿರಲಿಲ್ಲ. ಹಡಗಿನಲ್ಲಿ ದುರ್ರೆಸ್ ಬಂದರಿಗೆ ತಂದು ಮಾರಿದವನ ಪ್ರಕಾರ, ಅದರ ಹಿಂದಿನ ಮಾಲೀಕ ಒಬ್ಬ ನಿವೃತ್ತ ವೈದ್ಯ, ಭಾನುವಾರ ಚರ್ಚಿಗೆ ಹೋಗುವುದಕ್ಕೆ ಮಾತ್ರ ಅದನ್ನು ಹೊರತೆಗೆಯುತ್ತಿದ್ದ. ನಮ್ಮ ಸೀಮೆಯ ಪ್ರತಿಯೊಂದು ಜರ್ಮನ್ನಿಗೂ ಹಿಂದೆ ಇಂಥ ಒಬ್ಬ ನಿವೃತ್ತ ವೈದ್ಯ ಇದ್ದೇ ಇದ್ದಾನೆ. ಆ ದೇಶದಲ್ಲಿ ವಾರದ ಉಳಿದ ದಿನ ರೋಗಿಗಳನ್ನು ಯಾರು ನೋಡಿಕೊಳ್ಳುತ್ತಿದ್ದರು ಎಂದು ಯಾರೂ ಕೇಳಿದವರಿಲ್ಲ.

ಪೇಟೆಯ ಗ್ಯಾರೇಜಿಗೆ ಒಯ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪೇಟೆಯ ಗ್ಯಾರೇಜು ಅರ್ಧ ಗ್ಯಾರೇಜು, ಅರ್ಧ ಕಾಫಿ ಅಂಗಡಿ. ಅಲ್ಲಿ ಬಾನೆಟ್ ತೆರೆದರೆ ಊರಿನ ಬಾಯಿಯೂ ತೆರೆಯುತ್ತದೆ. ಕಾರು ಕೊಂಡ ದಿನದಿಂದ ನೆಜೀರ್ ಭಾವಮೈದುನ ಬೆದ್ರಿಯ ಫ್ರೆಂಚ್ ಕಾರನ್ನು ಹಂಗಿಸುತ್ತ ಬಂದಿದ್ದ. ಅದು ಕೆಮ್ಮಿದಾಗಲೆಲ್ಲ "ಪಾಪ, ಅದಕ್ಕೆ ಶೀತ. ಪ್ಯಾರಿಸ್‌ಗೆ ಕಳಿಸು" ಎಂದಿದ್ದ. "ಜರ್ಮನ್ ಕೆಡೋದಿಲ್ಲ, ಇಟ್ಕೊಂಡೋರು ಕೆಡ್ತಾರೆ" ಎಂಬುದು ಪೇಟೆಯಲ್ಲಿ ಅವನ ಹೆಸರಿನಲ್ಲೇ ಓಡಾಡುತ್ತಿದ್ದ ಮಾತು. ಆದ್ದರಿಂದ ಅವನು ರಾಜಧಾನಿ ತಿರಾನಾದ ಒಬ್ಬ ಮೆಕ್ಯಾನಿಕ್ಕಿಗೆ ಗುಟ್ಟಾಗಿ ಫೋನು ಮಾಡಿದ. ಗೇರ್‌ಬಾಕ್ಸನ್ನೇ ಕೆಳಗಿಳಿಸಬೇಕು, ಕಾರನ್ನು ಇಲ್ಲೇ ಬಿಟ್ಟು ಹೋಗಬೇಕು ಎಂದ ಆತ. ಮದುವೆಯ ಕಾಲ ಮುಗಿಯಲಿ ಎಂದುಕೊಂಡ ನೆಜೀರ್.

ಹಿಂದಕ್ಕೆ ಹೋಗಲಾಗದ ಮನುಷ್ಯ ಎಷ್ಟು ಮುಂದಾಲೋಚನೆ ಮಾಡಬೇಕಾಗುತ್ತದೆ ಎಂದು ಅವನಿಗೆ ಗೊತ್ತಾದದ್ದು ಆಮೇಲೆ. ಅಂಗಡಿಯೆದುರು ನಿಲ್ಲಿಸುವುದನ್ನು ಬಿಟ್ಟು ಮೇಲಿನ ಬೀದಿಯಲ್ಲಿ ಇಳಿಜಾರಿಗೆ ಮುಖಮಾಡಿ ನಿಲ್ಲಿಸತೊಡಗಿದ. ಬ್ರೆಡ್ ಅಂಗಡಿ ದಾಟಿ ಹೋದರೆ ಇಡೀ ಪೇಟೆ ಸುತ್ತಿ ಮತ್ತೆ ಬಂದ. "ನೆಜೀರ್‌ಗೆ ಈಗೀಗ ಜಂಬ ಜಾಸ್ತಿ, ಬ್ರೆಡ್ ತರೋಕೂ ಮೆರವಣಿಗೆ" ಎಂದರು ಜನ. ಜಂಬ ಎಂದುಕೊಂಡದ್ದು ಅವನಿಗೆ ಸಮಾಧಾನವೇ ಆಯಿತು.

ಆಗಸ್ಟಿನ ಮೊದಲ ವಾರ ದೊಡ್ಡಪ್ಪ ರಾಕಿಪ್ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೂತು, ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಟೋಪಿ ತೆಗೆದರೆ ವಿಷಯ ದೊಡ್ಡದು ಎಂದರ್ಥ.

"ಮೊಮ್ಮಗನ ಮದುವೆ ಭಾನುವಾರ. ಮದುಮಗಳು ನಿನ್ನ ಕಾರಲ್ಲೇ ಬರ್ಬೇಕು."

"ನನ್ನ ಕಾರಾ? ಬೆದ್ರಿದು ಇದೆಯಲ್ಲ ದೊಡ್ಡಪ್ಪ, ಅದು ಹೊಸದು..."

"ಬೆದ್ರೀದು ಕಾರೇನೋ? ಬೆಲ್ಲದ ಡಬ್ಬಿ. ನೀನೇ ಹೇಳ್ತಿದ್ಯಲ್ಲ." ರಾಕಿಪ್ ನಕ್ಕ. "ನಮ್ಮ ಮನೆತನದಲ್ಲಿ ಜರ್ಮನ್ ಇರೋನು ನೀನೊಬ್ಬ. ಬೀಗರ ಎದುರು ನನ್ನ ತಲೆ ತಗ್ಗಿಸಬೇಡ."

ಒಲ್ಲೆ ಎನ್ನಲು ಕಾರಣ ಬೇಕಿತ್ತು. ಇದ್ದ ಒಂದೇ ಕಾರಣವನ್ನು ಹೇಳುವಂತಿರಲಿಲ್ಲ. ರಾತ್ರಿ, ಅಷ್ಟರಲ್ಲಿ ಗುಟ್ಟು ತಿಳಿದಿದ್ದ ಮಿನೀರೆ ಅವನಿಗೆ ಧೈರ್ಯ ಹೇಳಿದಳು, ಅವಳ ಧಾಟಿಯಲ್ಲಿ: "ಮದುವೆ ದಿಬ್ಬಣ ಹೋದ ದಾರೀಲಿ ವಾಪಸ್ ಬರೋ ಹಾಗಿಲ್ಲ, ಹಿಂದೆ ತಿರುಗಿ ನೋಡೋ ಹಾಗೂ ಇಲ್ಲ. ನಿಮ್ಮ ಕಾರಿಗೆ ಅಂತಲೇ ನಮ್ಮ ಹಿರೀಕರು ಆ ಶಾಸ್ತ್ರ ಮಾಡಿಟ್ಟಿದಾರೆ. ಹೋಗಿ ಬನ್ನಿ."

ಭಾನುವಾರ ಏಳು ಕಾರುಗಳ ದಿಬ್ಬಣ ಹೊರಟಿತು. ಪದ್ಧತಿಯಂತೆ ಮದುಮಗ ಮನೆಯಲ್ಲೇ ಉಳಿದ. ನೆಜೀರನ ಕಾರಿನ ಕನ್ನಡಿಗಳಿಗೆ ಬಿಳಿ ಟವೆಲು ಕಟ್ಟಿದ್ದರು, ಬಾನೆಟ್ಟಿನ ಮೇಲೆ ಕೆಂಪು ರಿಬ್ಬನ್ನು. ಹೆಣ್ಣಿನ ಕಡೆಯವರ ಕೆಳದಂಡೆಯ ಹಳ್ಳಿಯಲ್ಲಿ ಕಾಫಿ, ರಾಕಿ ಸಾರಾಯಿ, ಅಳು ಎಲ್ಲ ಕ್ರಮವಾಗಿ ನಡೆದವು. ಮದುಮಗಳು ಇಬ್ಬರು ಅತ್ತೆಯರ ನಡುವೆ ಹಿಂದಿನ ಸೀಟಿನಲ್ಲಿ ಕೂತಳು. ರಾಕಿಪ್ ದಿಬ್ಬಣದ ಹಿರಿಯನಾಗಿ ಮುಂದೆ ಕೂತ. ಹೋದ ದಾರಿ ಬಿಟ್ಟು, ಮೇಲಿನ ಗುಡ್ಡದ ದಾರಿ ಹಿಡಿದು ಮರಳಿದರು.

ಆ ದಾರಿ ಒಂದು ಕಾರಿಗೆ ಸಾಕು, ಎರಡಕ್ಕೆ ಸಾಲದು. ಎಡಕ್ಕೆ ಬಂಡೆ, ಬಲಕ್ಕೆ ಆಳದಲ್ಲಿ ಕಪ್ಪು ದ್ರಿನ್ ಹೊಳೆ. ನೀರಿನ ಊಟೆಯ ಬಳಿ ಮಾತ್ರ ಸ್ವಲ್ಪ ಅಗಲ. ಊಟೆಯನ್ನು ದಾಟಿ ಇಳಿಜಾರಿಗೆ ಬಿದ್ದು ಒಂದು ತಿರುವು ತಿರುಗಿದರೋ ಇಲ್ಲವೋ, ಎದುರಿಗೆ ಇನ್ನೊಂದು ಕಪ್ಪು ಕಾರು. ಅದರ ಕನ್ನಡಿಗಳಿಗೂ ಬಿಳಿ ಟವೆಲು. ಅದರ ಹಿಂದೆ ಇನ್ನೊಂದು, ಮತ್ತೊಂದು, ಕೆಳಗಿನ ತಿರುವಿನವರೆಗೂ. ಎರಡು ದಿಬ್ಬಣಗಳು ಮೂತಿಗೆ ಮೂತಿ ಕೊಟ್ಟು ನಿಂತವು. ಹಾರ್ನುಗಳು ಒಂದೊಂದಾಗಿ ನಿಂತವು. ಯಾವುದೋ ಕಾರಿನ ಹಾಡು ಮಾತ್ರ ಯಾರೂ ಕೇಳದೆ ನಡೆದಿತ್ತು.

ಹಳೆಯ ಕಾಲದಲ್ಲಾದರೆ ಇಂಥಲ್ಲಿ ಬಂದೂಕು ಮಾತಾಡುತ್ತಿತ್ತು. ರಾಕಿಪ್ ಹಳೆಯ ಕಾಲದವನೇ ಆದರೂ ವಿವೇಕಿ. ಕಿಟಕಿಯಿಂದ ತಲೆ ಹೊರಹಾಕಿ ಹಿಂದೆ ನೋಡಿ ಲೆಕ್ಕ ಹಾಕಿದ.

"ಅವರು ಸರಿಯೋದಾದ್ರೆ ಕೆಳಗೆ ದೂರದ ಗಿರಣಿವರೆಗೂ ಹೋಗ್ಬೇಕು. ನಮ್ಮ ಹಿಂದೆ ಇಲ್ಲೇ ಊಟೆ ಇದೆ, ಕೂಗಿದ್ರೆ ಕೇಳತ್ತೆ. ನಾವೇ ಒಂಚೂರು ಹಿಂದೆ ಸರಿಯೋಣ, ಏನೂ ಹೋಗಲ್ಲ." ಕೈಬೀಸಿದ. ಹಿಂದಿನ ಆರು ಕಾರುಗಳೂ ಒಂದೊಂದಾಗಿ ಹಿಂದಕ್ಕೆ ಹೋಗಿ ಊಟೆಯ ಬಳಿ ಒತ್ತೊತ್ತಾಗಿ ನಿಂತವು. ಬೆದ್ರಿಯ ಫ್ರೆಂಚ್ ಕಾರು ಎಲ್ಲಕ್ಕಿಂತ ಚೆಂದವಾಗಿ ಹಿಂದಕ್ಕೆ ಹೋಯಿತು.

"ಹೂಂ ಮತ್ತೆ, ನೀನೂ ತಗೋ" ಎಂದ ರಾಕಿಪ್.

ನೆಜೀರನ ಕೈ ಗೇರಿನ ಕಡ್ಡಿಯ ಮೇಲಿತ್ತು. 'ದೊಡ್ಡಪ್ಪ, ಇದು ಹಿಂದಕ್ಕೆ ಹೋಗಲ್ಲ, ಕೆಟ್ಟಿದೆ' ಎಂದಿದ್ದರೆ ಸಾಕಿತ್ತು. ನಾಲ್ಕು ಗಂಡಸರು ಇಳಿದು ನಗುತ್ತ ತಳ್ಳುತ್ತಿದ್ದರು. ಊಟೆ ಅಷ್ಟು ಹತ್ತಿರವಿತ್ತು. ಆದರೆ ಆ ನಗು ಊಟೆಯ ಹತ್ತಿರ ನಿಲ್ಲುತ್ತಿರಲಿಲ್ಲ. ಸಂಜೆಯ ಊಟದ ಪಂಕ್ತಿಗೆ ಬರುತ್ತಿತ್ತು, ನಾಳೆ ಪೇಟೆಗೆ, ಬೆದ್ರಿಯ ಬಾಯಲ್ಲಿ ಚಳಿಗಾಲದವರೆಗೆ. ನೆಜೀರ್ ಬಾಯಿ ತೆರೆದ. ಅವನೇ ಎಣಿಸಿರದ ಮಾತೊಂದು ಹೊರಬಂತು.

"ಮದುಮಗಳು ಕೂತ ಕಾರು ಹಿಂದಕ್ಕೆ ಹೋಗಬಾರದು, ದೊಡ್ಡಪ್ಪ."

"ಏನಂದೆ?"

"ಹಿಂದಕ್ಕೆ ಹೋದ ಮದುಮಗಳು ತವರಿಗೇ ವಾಪಸು ಅಂತಾರಲ್ಲ. ಅಜ್ಜ ಹೇಳ್ತಿದ್ರು."

ಹಿಂದಿನ ಸೀಟಿನಲ್ಲಿ ಅತ್ತೆಯರಲ್ಲೊಬ್ಬಳು ಎದೆ ಮುಟ್ಟಿಕೊಂಡು "ಅಯ್ಯೋ, ನಿಜ ಕಣ್ರೋ" ಎಂದಳು. ರಾಕಿಪ್ ನೆಜೀರನ ಮುಖವನ್ನೇ ನೋಡಿದ. ನೋಡನೋಡುತ್ತ ಮುದುಕನ ಕಿವಿ ಕೆಂಪಾಯಿತು. "ವಯಸ್ಸಾಯ್ತು ಕಣೋ ನನಗೆ" ಎಂದ ಮೆಲ್ಲಗೆ. "ನಮ್ಮಪ್ಪನ ಮಾತನ್ನ ನೀನು ನೆನಪಿಸೋ ಹಾಗಾಯ್ತು." ಟೋಪಿ ಸರಿಮಾಡಿಕೊಂಡು ಇಳಿದ. ನಡಿಗೆಯೇ ಬದಲಾಗಿತ್ತು.

ಎದುರಿನ ಕಾರಿನಿಂದ ಇಳಿದವನು ಮೇಲ್ದಂಡೆಯ ಜಗೋರ್ ಹಳ್ಳಿಯ ದೆಸ್ತಾನ್. ಎಲುಬು ದೊಡ್ಡದಾದ, ಮೀಸೆ ಬೆಳ್ಳಗಾದ ಆಳು. ಮಗನಿಗೆ ಹೆಣ್ಣು ತರುತ್ತಿದ್ದ. ಇಬ್ಬರು ಹಿರಿಯರೂ ಕೈಕುಲುಕಿ, ಒಬ್ಬರ ಸಿಗರೇಟು ಇನ್ನೊಬ್ಬರು ಸೇದಿ, ಎರಡೂ ಮನೆಗಳ ಆರೋಗ್ಯ, ಹಸುಗಳ ಆರೋಗ್ಯ ವಿಚಾರಿಸಿಕೊಂಡರು. ಆಮೇಲೆ ಮಾತು ಬಂತು.

"ನಿಮ್ಮೋರೆಲ್ಲ ಸರಿದು ನಿಂತಿದಾರಲ್ಲ. ಉಳಿದಿರೋದು ಇದೊಂದೇ ತಾನೇ?" ಎಂದ ದೆಸ್ತಾನ್.

"ಇದೊಂದರಲ್ಲೇ ಮದುಮಗಳಿರೋದು."

"ನಮ್ಮದರಲ್ಲೇನು ಸೋರೆಕಾಯಿ ಇದೆಯಾ?"

ಹಿಂದಿನಿಂದ ಯಾರೋ ಯುವಕ ತೋಳು ಮಡಚಿಕೊಂಡು ಮುಂದೆ ಬಂದ. ದೆಸ್ತಾನ್ ತಿರುಗಿಯೂ ನೋಡದೆ "ಹೋಗಿ ಕೂತ್ಕೋ, ಮಂಗ" ಎಂದ. ಆಮೇಲೆ ನೆಜೀರನ ಕಿಟಕಿಗೆ ಬಂದು ಬಗ್ಗಿದ. "ಒಪ್ಪದೋನು ನೀನೇನಾ?"

ನೆಜೀರ್ ಸ್ಟೇರಿಂಗನ್ನೇ ನೋಡುತ್ತಿದ್ದ. ಬೆವರು ಕಾಲರಿನೊಳಗೆ ಇಳಿಯುತ್ತಿತ್ತು. "ಹೌದು."

"ಹಿರಿಯರು ಹೇಳಿದ್ರೂ?"

"ಆಗಲ್ಲ."

ಆ ದಿನ ಅವನಾಡಿದ ಮಾತುಗಳಲ್ಲಿ ನಿಜವಾದದ್ದು ಇದೊಂದೇ. ದೆಸ್ತಾನ್ ಅವನ ಬಿಳುಚಿದ ತುಟಿಯನ್ನೂ ನಡುಗುವ ಕೈಯನ್ನೂ ನೋಡಿದ. ಸಿಟ್ಟನ್ನು ನುಂಗುವ ಗಂಡಸು ಹೀಗೆಯೇ ಇರುತ್ತಾನೆ ಎಂದು ಅವನಿಗೆ ಅನಿಸಿರಬೇಕು. "ಸರಿ" ಎಂದು ನೆಟ್ಟಗಾದ. "ಯಾರಾದ್ರೂ ಒಬ್ಬರು ದೊಡ್ಡೋರಾಗ್ಬೇಕು. ಹೇಗೂ ನನಗೆ ವಯಸ್ಸಾಗಿದೆ."

ಕೆಳಗಿನಿಂದ ಒಂದೊಂದೇ ಕಾರು ಹಿಂದಕ್ಕೆ ಸರಿಯತೊಡಗಿತು. ಕೊನೆಗೆ ಎದುರಿನ ಕಪ್ಪು ಕಾರಿನ ಸರದಿ. ಅಲ್ಲಿಯವರೆಗೆ ಅದರೊಳಗೆ ಕೆಂಪು ಮುಸುಕಿನಲ್ಲಿ ತಲೆತಗ್ಗಿಸಿ ಕೂತಿದ್ದ ಹುಡುಗಿ, ಕಾರು ಹಿಂದಕ್ಕೆ ಅಲುಗಿದೊಡನೆ ಕಣ್ಣೆತ್ತಿದಳು. ಮದುಮಗಳು ಕಣ್ಣೆತ್ತಬಾರದು. ಪಕ್ಕದ ಹೆಂಗಸು ಬೆರಳಿಂದ ಅವಳ ಗಲ್ಲವನ್ನು ಕೆಳಗೊತ್ತಿದಳು. ಅಷ್ಟರಲ್ಲಿ ಅವಳು ನೋಡಿಯಾಗಿತ್ತು, ಎರಡು ಗಾಜುಗಳ ಮೂಲಕ ನೇರ ನೆಜೀರನನ್ನು. ಕಾರು ಹಿಂದೆ ಹಿಂದೆ ಹೋಗಿ ಚಿಕ್ಕದಾಗಿ ತಿರುವಿನಲ್ಲಿ ಮರೆಯಾಯಿತು.

ಗಿರಣಿಯ ಬಳಿ ಅವರನ್ನು ಹಾದುಹೋಗುವಾಗ, ಎದುರಾದ ಮದುವಣಗಿತ್ತಿಯರು ಕರವಸ್ತ್ರ ಬದಲಿಸಿಕೊಳ್ಳುವ ಶಾಸ್ತ್ರಕ್ಕೆಂದು ನೆಜೀರನ ಕಾರಿನಿಂದ ಒಂದು ಕೈ ಹೊರಚಾಚಿತು. ಆ ಕಡೆಯ ಗಾಜು ಇಳಿಯಲಿಲ್ಲ.

ಸಂಜೆ ಪದರಪದರದ ಯೂಪ್ಕಾ ಬಡಿಸಿದ ಪಂಕ್ತಿಯಲ್ಲಿ ರಾಕಿಪ್ ರಾಕಿಯ ಲೋಟ ಎತ್ತಿ ನಿಂತು ಹೇಳಿದ: "ಇವತ್ತು ನಮ್ಮ ಮಾನ ಉಳಿಸಿದವನು ನಾನಲ್ಲ. ನಾನು ಸರಿಯೋಕೆ ತಯಾರಾಗಿದ್ದೆ. ಒಬ್ಬ ಪರದೆ ಮಾರೋನು ನನಗೆ ಬುದ್ಧಿ ಹೇಳಿದ." ಎಲ್ಲರೂ ಎದ್ದರು. ಬೆದ್ರಿ ಮೇಜಿನಾಚೆಯಿಂದ ಬಂದು ಭಾವನನ್ನು ತಬ್ಬಿಕೊಂಡ. ಕಣ್ಣಲ್ಲಿ ನೀರಿತ್ತು. "ಭಾವ, ನಾನು ಸುಮ್ನೆ ಹಿಂದಕ್ಕೆ ತಗೊಂಡೆ. ಯೋಚನೆ ಕೂಡ ಮಾಡ್ಲಿಲ್ಲ. ನಾಚಿಕೆ ಆಗತ್ತೆ ನಂಗೆ."

ನೆಜೀರ್ ಯೂಪ್ಕಾವನ್ನು ತಟ್ಟೆಯ ಅಂಚಿಗೆ ಸರಿಸಿದ. ಅದನ್ನೂ ಜನ ವಿನಯವೆಂದೇ ತಿಳಿದರು.

ಅವನು ಮಾತಾಡಿದಷ್ಟೂ ಗೌರವ ಹೆಚ್ಚಿತು, ಮಾತಾಡದಿದ್ದರೆ ಇನ್ನೂ ಹೆಚ್ಚಿತು. ಪರದೆ ಬೇಡದವರೂ ಅಂಗಡಿಗೆ ಬಂದು ಕೈಕುಲುಕಿ ಹೋದರು. ಕಾಫಿ ಅಂಗಡಿಯಲ್ಲಿ ಅವನ ಕಾಫಿಗೆ ಯಾರೋ ದುಡ್ಡು ಕೊಟ್ಟಿರುತ್ತಿದ್ದರು. ಹಠ ಮಾಡುವ ಹೇಸರಗತ್ತೆಗೆ 'ನೆಜೀರ್ ಆಗ್ಬೇಡ' ಎಂದು ಗದರುವುದು ಮಾತ್ರ ಸ್ವಲ್ಪ ಅತಿಯಾಯಿತು ಎಂದು ಹಿರಿಯರ ಅಭಿಪ್ರಾಯ. ಮನೆಯಲ್ಲಿ ಮಿನೀರೆ ಏನನ್ನೂ ಹೇಳುತ್ತಿರಲಿಲ್ಲ. ಊಟಕ್ಕೆ ಕರೆಯುವಾಗ ಮಾತ್ರ, "ಬನ್ನಿ, ಮುಂದಕ್ಕೆ ಬನ್ನಿ, ಹಿಂದಕ್ಕಂತೂ ನೀವು ಹೋಗೋರಲ್ಲ" ಎನ್ನುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಜಗೋರ್ ಹಳ್ಳಿಯ ಒಬ್ಬ ಹೆಂಗಸು ಜಾಲರಿ ಪರದೆ ಕೊಳ್ಳಲು ಬಂದಳು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತ, ಅವನು ಯಾರೆಂದು ತಿಳಿಯದೆ, ತನ್ನ ಪಕ್ಕದ ಮನೆಯ ಸುದ್ದಿ ತೆಗೆದಳು.

"ನಮ್ಮ ದೆಸ್ತಾನ್ ಸೊಸೆ ಇಲ್ವಾ, ವಲ್ಬೋನಾ, ಪಾಪ. ಮದುವೆ ಆಗಿ ಎರಡನೇ ವಾರಕ್ಕೆ ತವರಿಗೆ ಹೋಗಿ ಬರ್ಬೇಕು, ಮೊದಲನೇ ಹೋಗಿಬರೋದು. ಇನ್ನೂ ಕಳಿಸಿಲ್ಲ."

"ಯಾಕೆ?"

"ದಿಬ್ಬಣದಲ್ಲಿ ಅವಳ ಕಾರು ಹಿಂದಕ್ಕೆ ಹೋಯ್ತಂತಲ್ಲ. ಯಾವನೋ ಪೇಟೆಯೋನು ದಾರಿ ಬಿಡ್ಲಿಲ್ಲ. ತವರಿಗೆ ಕಳಿಸಿದ್ರೆ ವಾಪಸ್ ಬರಲ್ಲ ಅಂತ ಅತ್ತೆಗೆ ಭಯ. ಒಬ್ಬನೇ ಮಗ. ಅವನೋ ಲಾರಿ ಓಡಿಸ್ತಾನೆ, ತಿಂಗಳಲ್ಲಿ ಅರ್ಧ ಇಟಲೀಲಿ. ಹುಡುಗಿ ತಾಯಿ ಹಾಸಿಗೆ ಹಿಡಿದಿದಾಳಂತೆ, ನೋಡ್ಬೇಕು ಅಂತ ಹೇಳಿ ಕಳಿಸಿದಾಳೆ. ಇವರು ಬೇಡ ಅಂದ್ರು. ಹುಡುಗಿ ಏನೂ ಅನ್ನಲ್ಲ. ಬಾವಿ ಹತ್ರ ನೀರು ಸೇದ್ತಾ ಸುಮ್ನೆ ಹೊಳೆ ಆಚೆ ನೋಡ್ತಾ ನಿಲ್ತಾಳೆ." ಅವಳು ಬಟ್ಟೆ ಕೆಳಗಿಟ್ಟಳು. "ಇದು ಒಗೆದ್ರೆ ಕುಗ್ಗತ್ತಾ?"

ಕುಗ್ಗುವುದಿಲ್ಲ ಎಂದ ನೆಜೀರ್. ಅಳೆದು ಕತ್ತರಿಸುವಾಗ ಕತ್ತರಿ ಎರಡು ಸಲ ಗೆರೆ ತಪ್ಪಿತು.

ಮನೆಗೆ ಬಂದು ಮಿನೀರೆಗೆ ಹೇಳಿದ. ಅವಳು ಮೆಣಸಿನಕಾಯಿ ಸುಡುತ್ತಿದ್ದವಳು ಒಲೆ ಆರಿಸಿದಳು. ಈ ಸಲ ತಮಾಷೆ ಮಾಡಲಿಲ್ಲ.

"ಹೋಗಿ ಹೇಳ್ಬಿಡಿ."

"ಏನಂತ ಹೇಳ್ಲಿ?"

"ಇದ್ದದ್ದನ್ನ. ಗೇರ್‌ಬಾಕ್ಸು ಅಂತ. ಹಣೆಬರಹಾನೂ ಅಲ್ಲ, ಶಕುನಾನೂ ಅಲ್ಲ ಅಂತ."

"ಊರೆಲ್ಲ ನಗತ್ತೆ ಕಣೇ."

"ನಗ್ಲಿ. ನಿಮ್ಮ ಮಾನ ಉಳಿಸೋಕೆ ಆ ಹುಡುಗಿ ತಾಯಿ ಮುಖ ನೋಡದೆ ಕೂತಿರ್ಬೇಕಾ?"

ಗುರುವಾರ ಮಧ್ಯಾಹ್ನ ಅಂಗಡಿ ಮುಚ್ಚಿ, ಕಾಫಿಪುಡಿ ಸಕ್ಕರೆಯ ಪೊಟ್ಟಣ ಕಟ್ಟಿಕೊಂಡು, ಅವನು ಜಗೋರಿಗೆ ಹೊರಟ. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿದ. ಜಾಣತನವೆಂದರೆ ಕಾರನ್ನು ಹಳ್ಳಿಯ ಹೊರಗೇ ನಿಲ್ಲಿಸಿ ನಡೆದು ಹೋಗುವುದು, ಅದನ್ನೂ ಯೋಚಿಸಿದ್ದ. ಆದರೆ ದೆಸ್ತಾನ್ ರಸ್ತೆಯ ಬದಿಯ ಗೇಟಿನಲ್ಲೇ ಬೇಲಿಗೆ ತಂತಿ ಕಟ್ಟುತ್ತಿದ್ದ. ಕಪ್ಪು ಕಾರನ್ನು ಕಂಡೊಡನೆ ಗುರುತು ಹಿಡಿದ. ತಂತಿಯನ್ನು ಕೆಳಗಿಟ್ಟು, ಎರಡೂ ಬಾಗಿಲು ಅಗಲವಾಗಿ ತೆರೆದ.

"ಒಳಗೆ ತಗೊಂಡು ಬಾ!"

"ಇಲ್ಲೇ ಇರ್ಲಿ, ಪರವಾಗಿಲ್ಲ."

"ಏನು ಪರವಾಗಿಲ್ಲ? ನನ್ನ ಮನೆಗೆ ಬಂದೋನ ಕಾರು ಬೀದೀಲಿ ನಿಲ್ಲತ್ತಾ? ಜನ ಏನಂದಾರು? ಬಾ, ಬಾ!"

ಅಂಗಳ ರಸ್ತೆಯಿಂದ ಮನೆಯ ಕಡೆಗೆ ಇಳಿದಿತ್ತು. ನೆಜೀರ್ ಅದನ್ನು ನೋಡಿದ. ನೋಡಿಯೂ ಇಳಿಸಿದ. ಅತಿಥಿಗೆ ಬೇರೆ ದಾರಿಯಿರಲಿಲ್ಲ. ಕಾರು ಮನೆಯ ಮೆಟ್ಟಿಲಿಗೆ ಮೂತಿ ತಾಗಿಸಿ ನಿಂತಿತು.

ಕಾಫಿ ಕುಡಿಯುವ ಮುಂಚೆ ಬಂದವನನ್ನು ಯಾಕೆ ಬಂದೆ ಎಂದು ಕೇಳುವ ಪದ್ಧತಿಯಿಲ್ಲ. ದೆಸ್ತಾನ್ ಗೋಡೆಯ ಬದಿಯ ಮೇಲಿನ ಜಾಗದಲ್ಲಿ ಅವನನ್ನು ಕೂರಿಸಿದ. ದೆಸ್ತಾನನ ಹೆಂಡತಿ ಜಿಲ್ಫಿಯೆ ಬಾಗಿಲ ಬಳಿ ಕೂತಳು, ಕೈಯಲ್ಲಿ ಹೆಣಿಗೆ. ವಲ್ಬೋನಾ ತಟ್ಟೆಯಲ್ಲಿ ಕಾಫಿ ತಂದಳು. ಕೊಟ್ಟು, ಹೊಸ ಸೊಸೆಯರು ನಿಲ್ಲುವಂತೆ, ಅತಿಥಿ ಕುಡಿದು ಮುಗಿಸುವವರೆಗೆ ತಟ್ಟೆಯನ್ನು ಎದೆಗವಚಿಕೊಂಡು ಕಣ್ಣು ತಗ್ಗಿಸಿ ನಿಂತಳು. ಅವಳೆದುರೇ ಹೇಳಬೇಕಾಗುತ್ತದೆ ಎಂದು ನೆಜೀರ್ ಯೋಚಿಸಿರಲಿಲ್ಲ. ಕಾಫಿಯನ್ನು ಆದಷ್ಟು ನಿಧಾನ ಕುಡಿದ. ಕಡೆಗೆ ಲೋಟದಲ್ಲಿ ಗಸಿ ಮಾತ್ರ ಉಳಿಯಿತು.

"ಆವತ್ತು ನಾನು ಹಿಂದೆ ಸರೀಲಿಲ್ಲವಲ್ಲ" ಎಂದ.

"ಬಿಡು ಅದನ್ನ. ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ. ಗಂಡಸರ ನಡುವೆ ಇದ್ದದ್ದೇ."

"ಹಾಗಲ್ಲ. ಕಾರಿನ ರಿವರ್ಸ್ ಗೇರು ಕೆಟ್ಟಿತ್ತು. ಜೂನಿಂದ ಕೆಟ್ಟಿದೆ. ಅದು ಹಿಂದಕ್ಕೆ ಹೋಗೋದೇ ಇಲ್ಲ. ಹೇಳೋಕೆ ನಾಚಿಕೆಯಾಯ್ತು. ಬಾಯಿಗೆ ಬಂದ ಶಾಸ್ತ್ರ ಹೇಳ್ಬಿಟ್ಟೆ."

ಹೆಣಿಗೆಯ ಕಡ್ಡಿಗಳ ಸದ್ದು ನಿಂತಿತು.

"ಅಂದ್ರೆ," ದೆಸ್ತಾನ್ ಒಂದೊಂದೇ ಮಾತನ್ನು ತೂಗಿ ಇಟ್ಟ, "ಒಪ್ಪದೋನು ನೀನಲ್ಲ. ಕಾರು."

"ಹೌದು."

"ನಾನು ಬಗ್ಗಿ ನಿನ್ನ ಮುಖ ನೋಡಿದೆ. ನಿನ್ನ ಕೈ ನಡುಗ್ತಿತ್ತು. ನಾನು ಏನಂದ್ಕೊಂಡೆ ಗೊತ್ತಾ? ಇವನು ಪ್ರಾಣ ಬಿಡೋಕೂ ತಯಾರು ಅಂದ್ಕೊಂಡೆ."

ನೆಜೀರ್ ತಲೆತಗ್ಗಿಸಿದ.

"ಆವತ್ತಿಂದ ಈ ಊರಲ್ಲಿ ನಾನೇನು ಹೇಳ್ಕೊಂಡು ತಿರುಗ್ತಿದೀನಿ ಗೊತ್ತಾ? ಅಂಥ ಗಟ್ಟಿ ಗಂಡಸಿಗೆ ದಾರಿ ಬಿಟ್ರೆ ಮರ್ಯಾದೆ ಹೋಗಲ್ಲ ಅಂತ. ಒಂದು ಮದುಮಗಳು, ಅಷ್ಟೂ ಕಾರು, ನನ್ನ ಈ ಮೀಸೆ, ಎಲ್ಲ ಗಿರಣಿವರೆಗೂ ಹಿಂದಕ್ಕೆ ಹೋದ್ವು. ಯಾರಿಗೆ ಬೆಲೆ ಕೊಟ್ಟು? ಹಲ್ಲು ಮುರಿದ ಒಂದು ಚಕ್ರಕ್ಕೆ!"

"ಅದಕ್ಕೇ ಬಂದೆ. ಆ ಹುಡುಗೀನ ತವರಿಗೆ ಕಳಿಸಿ. ಅದು ಶಕುನ ಅಲ್ಲ. ಬರೀ ಗೇರ್‌ಬಾಕ್ಸು. ಅವಳ ತಾಯಿಗೆ ಹುಷಾರಿಲ್ಲವಂತೆ."

ಜಿಲ್ಫಿಯೆ ಆಗ ಬಾಯಿ ತೆರೆದಳು. ಸಿಟ್ಟಿರಲಿಲ್ಲ, ಮಗುವಿಗೆ ಹೇಳುವ ಧಾಟಿಯಿತ್ತು. "ಹಾವು ಯಾಕೆ ಕಚ್ತು ಅಂತ ಗೊತ್ತಾದ್ರೆ ವಿಷ ಇಳಿಯತ್ತೇನಪ್ಪಾ? ಹಿಂದಕ್ಕೆ ಹೋದದ್ದು ಹೋದದ್ದೇ. ನನಗೆ ಇರೋನು ಒಬ್ಬ ಮಗ. ಅವನು ಲಾರಿ ನಿಲ್ಲಿಸಿ ಮನೆಗೆ ಬಂದಾಗ ಹೆಂಡ್ತಿ ಇಲ್ಲದೆ ಹೋದ್ರೆ?"

"ಅವಳು ಬರ್ತಾಳೆ. ನಾನೇ ಕರ್ಕೊಂಡು ಹೋಗಿ ಕರ್ಕೊಂಡು ಬರ್ತೀನಿ, ಬೇಕಾದ್ರೆ."

"ಈ ಕಾರಲ್ಲಾ?" ಎಂದಳು ಜಿಲ್ಫಿಯೆ.

ವಲ್ಬೋನಾ ನಿಂತಲ್ಲೇ ನಿಂತಿದ್ದಳು. ತಟ್ಟೆ ಹಿಡಿದ ಬೆರಳುಗಳ ಗಿಣ್ಣು ಬೆಳ್ಳಗಾಗಿತ್ತು, ಅಷ್ಟೇ. ದೆಸ್ತಾನ್ ಕೇಳಿದ: "ಬೇರೆ ಯಾರಿಗೆ ಗೊತ್ತು?"

"ನನ್ನ ಹೆಂಡ್ತಿಗೆ."

"ಅವಳಿಗೆ ಹೇಳು, ಅವಳಿಗೂ ಗೊತ್ತಿಲ್ಲ ಅಂತ. ಕೇಳಿಸ್ಕೋ. ನೀನು ಇನ್ಮೇಲೂ ಆ ಗಟ್ಟಿ ಗಂಡಸಾಗೇ ಇರ್ಬೇಕು. ಬೀದೀಲಿ ಯಾರಾದ್ರೂ ಕೈ ಕುಲುಕಿದ್ರೆ ಕುಲುಕಿಸ್ಕೋ. ನಿನಗೋಸ್ಕರ ಅಲ್ಲ, ನನಗೋಸ್ಕರ. ನಾನು ಗಂಡಸಿಗೆ ದಾರಿ ಬಿಟ್ಟೋನು. ಈ ವಯಸ್ಸಲ್ಲಿ ನನ್ನನ್ನ ಗೇರ್‌ಬಾಕ್ಸಿಗೆ ದಾರಿ ಬಿಟ್ಟೋನನ್ನಾಗಿ ಮಾಡ್ಬೇಡ."

"ಹುಡುಗಿ?"

"ಅದು ನಮ್ಮ ಮನೆ ವಿಷಯ."

ಅಲ್ಲಿಗೆ ಮುಗಿಯಿತು. ಊಟ ಮಾಡಿಕೊಂಡು ಹೋಗೆಂದು ದೆಸ್ತಾನ್ ಪದ್ಧತಿಯಂತೆ ಮೂರು ಸಲ ಹೇಳಿದ. ನೆಜೀರ್ ಪದ್ಧತಿಯಂತೆ ಮೂರು ಸಲ ಬೇಡವೆಂದು ಎದ್ದ. ಎದ್ದವನು ಬಾಗಿಲ ಬಳಿ ನಿಂತುಬಿಟ್ಟ.

"ಮತ್ತೇನು?"

"ಕಾರು," ಎಂದ ನೆಜೀರ್. "ಅಂಗಳದಿಂದ ಮೇಲೆ..."

ದೆಸ್ತಾನ್ ಕಿಟಕಿಯಿಂದ ಹೊರಗೆ ನೋಡಿದ. ಕಪ್ಪು ಕಾರು ಮೆಟ್ಟಿಲಿಗೆ ಮೂತಿಯಿಟ್ಟು, ಗೇಟಿಗೆ ಬೆನ್ನುಕೊಟ್ಟು, ಬಿಸಿಲಲ್ಲಿ ಮಿರುಗುತ್ತಿತ್ತು. ಮುದುಕ ಒಂದು ಸಲ ಕಣ್ಣುಮುಚ್ಚಿ ತೆರೆದ.

"ನೆರೆಯೋರೆಲ್ಲ ಮಧ್ಯಾಹ್ನದ ನಿದ್ದೇಲಿದಾರೆ. ಆದ್ರೆ ಈಗಲೇ ಆಗ್ಬೇಕು. ಹೂಂ, ಏಳೇ" ಎಂದು ಹೆಂಡತಿಯ ಕಡೆ ತಿರುಗಿದ.

ನೆಜೀರ್ ತಾನೂ ತಳ್ಳುತ್ತೇನೆಂದ. "ನೀನು ಒಳಗೆ ಕೂತು ತಿರುಗಿಸು" ಎಂದ ದೆಸ್ತಾನ್, ದನಿ ತಗ್ಗಿಸಿ. "ಗೇಟಿನ ಕಂಬಕ್ಕೆ ತಾಗಿಸಿದ್ರೆ ಇಡೀ ಊರು ಎದ್ದು ಕೂರತ್ತೆ. ಎಂಜಿನ್ ಹಚ್ಬೇಡ." ಗಂಡ ಹೆಂಡತಿ ಇಬ್ಬರೂ ಬಾನೆಟ್ಟಿಗೆ ಕೈಕೊಟ್ಟು ತಳ್ಳಿದರು. ಕಾರು ಒಂದು ಗೇಣು ಮೇಲೇರಿ, ಯೋಚಿಸಿ, ಮತ್ತೆ ಕೆಳಗಿಳಿದು ನಿಂತಿತು. ಜಿಲ್ಫಿಯೆ ಸೊಂಟ ಹಿಡಿದುಕೊಂಡಳು.

"ಮಗಳೇ," ಎಂದ ದೆಸ್ತಾನ್, ಮನೆಯ ಕಡೆ ನೋಡದೆ. "ನೀನೂ ಬಾ."

ವಲ್ಬೋನಾ ಮೆಟ್ಟಿಲಿಳಿದು ಬಂದಳು. ಹೊಸ ಸೊಸೆಯ ಕಸೂತಿ ಚಪ್ಪಲಿಗಳನ್ನು ಕಳಚಿ ಜೋಡಿಸಿಟ್ಟು, ಬರಿಗಾಲನ್ನು ನೆಲಕ್ಕೆ ಊರಿ, ಅತ್ತೆ ಮಾವನ ನಡುವೆ, ಬಾನೆಟ್ಟಿನ ನಟ್ಟನಡುವೆ ಎರಡೂ ಅಂಗೈ ಇಟ್ಟಳು. ಕಾರು ಅಲುಗಿತು. ನೆಜೀರ್ ಕನ್ನಡಿಯಲ್ಲಿ ಗೇಟಿನ ಕಂಬಗಳನ್ನು ನೋಡುತ್ತ ಭಾರವಾದ ಸ್ಟೇರಿಂಗನ್ನು ಹಿಡಿದಿದ್ದ. ಹಿಂದೆ ನೋಡಬೇಕಾದ ಕೆಲಸವಿದ್ದದ್ದಕ್ಕೆ ಅವನಿಗೆ ಕೃತಜ್ಞತೆಯೆನಿಸಿತು. ಆದರೆ ಅರ್ಧ ದಾರಿಯಲ್ಲಿ ಒಮ್ಮೆ ಮುಂದೆ ನೋಡಿದ. ಗಾಜಿನಾಚೆ, ಕೈಗೆಟುಕುವಷ್ಟು ಹತ್ತಿರದಲ್ಲಿ, ಬೆವರಿದ ಅವಳ ಮುಖ. ತಗ್ಗಿಸೆಂದು ಹೇಳುವವರಿಗೆ ಈಗ ಕೈ ಬಿಡುವಿರಲಿಲ್ಲ. ಅವಳು ಅವನನ್ನೇ ನೋಡುತ್ತ ತಳ್ಳುತ್ತಿದ್ದಳು, ಕೋಪವಿಲ್ಲದೆ, ಕುತೂಹಲವೂ ಇಲ್ಲದೆ, ಬಾಗಿಲಿಗೆ ಅಡ್ಡ ಬಂದ ಮಂಚವನ್ನು ಸರಿಸುವವರ ಹಾಗೆ. ನೆಜೀರ್ ಮತ್ತೆ ಕನ್ನಡಿಗೆ ತಿರುಗಿದ.

ಎಲ್ಲಿಯೋ ಒಂದು ನಾಯಿ ಎರಡು ಸಲ ಬೊಗಳಿ ಸುಮ್ಮನಾಯಿತು. ಯಾವ ಕಿಟಕಿಯೂ ತೆರೆಯಲಿಲ್ಲ. ಕಾರು ಕಂಬಗಳ ನಡುವಿನಿಂದ ತಾಗದೆ ಹಾದು ರಸ್ತೆಗೆ ಬಂತು. ದೆಸ್ತಾನ್ ಏದುಸಿರು ಬಿಡುತ್ತ ಬಂದು ಕಿಟಕಿಯೊಳಗೆ ಕೈ ತೂರಿಸಿ ಅವನ ಕೈಕುಲುಕಿದ, ಯಾರಾದರೂ ನೋಡುತ್ತಿದ್ದರೆ ಇರಲಿ ಎಂಬಂತೆ. ಆಮೇಲೆ ಗೇಟಿನ ಎರಡೂ ಬಾಗಿಲು ಮುಚ್ಚಿಕೊಂಡವು.

ವಲ್ಬೋನಾಳನ್ನು ಆ ವರ್ಷ ತವರಿಗೆ ಕಳಿಸಲಿಲ್ಲ.